ಪುಣೆಯಲ್ಲಿ ತತ್ವಶಾಸ್ತ್ರ ಬೋಧಿಸಿದ ಜಮಖಂಡಿಯ ಗುರುದೇವ ರಾನಡೆ

ಪುಣೆಯ ಫರ್ಗ್ಯುಸನ್ ಕಾಲೇಜಿನ ಹೆಸರು ಕೇಳದ ಹೊರನಾಡ ಕನ್ನಡಿಗರು ವಿರಳ. ಆದರೆ ಅಲ್ಲಿ ತತ್ವಶಾಸ್ತ್ರ ಬೋಧಿಸಿ ಹೆಸರು ಗಳಿಸಿದ ಪ್ರೊ. ರಾಮಚಂದ್ರ ದತ್ತಾತ್ರೇಯ ರಾನಡೆಯವರು ಕನ್ನಡ ನೆಲದಲ್ಲಿ ಹುಟ್ಟಿ ಬೆಳೆದವರೆಂಬುದು ಇಂದಿನ ಪೀಳಿಗೆಯ ಅನೇಕರಿಗೆ ತಿಳಿದಿರಲಾರದು.

ರಾನಡೆಯವರು ಈಗಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿಯಲ್ಲಿ, ಮರಾಠಿ ಮನೆಮಾತಿನ ಕುಟುಂಬದಲ್ಲಿ 1886ರ ಜುಲೈ 3ರಂದು ಜನಿಸಿದರು. ಶಾಲಾ ವಿದ್ಯಾರ್ಥಿಯಾಗಿದ್ದಾಗಲೇ, 1901ರಲ್ಲಿ, ಉಮದಿಯ ಭಾವೂಸಾಹೇಬ ಮಹಾರಾಜರಿಂದ ನಾಮದೀಕ್ಷೆ ಪಡೆದರು. ಮರುವರ್ಷ ಮೆಟ್ರಿಕ್ ಮುಗಿಸಿ ಪುಣೆಯ ಡೆಕ್ಕನ್ ಕಾಲೇಜು ಸೇರಿದರು. ಕಾಯಿಲೆ ಅವರ ಓದಿಗೆ ಅಡ್ಡ ಬಂತು. ಆದರೂ ಛಲ ಬಿಡದೆ 1914ರಲ್ಲಿ ಎಂ.ಎ. ಪದವಿಯನ್ನು ಉನ್ನತ ಶ್ರೇಣಿಯಲ್ಲಿ ಪಡೆದು, ಫರ್ಗ್ಯುಸನ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು.

ಆಗ ಯುರೋಪಿನಲ್ಲಿ ಹೊಸ ಚಿಂತನೆಯ ಗಾಳಿ ಬೀಸುತ್ತಿತ್ತು. ಬುದ್ಧಿಯೊಂದರಿಂದಲೇ ಬದುಕು ಅರ್ಥವಾಗದು, ಅಂತರ್ಬೋಧೆಯೂ ಬೇಕೆಂದು ಫ್ರಾನ್ಸಿನ ತತ್ವಜ್ಞಾನಿ ಬರ್ಗ್‌ಸನ್ ಪ್ರತಿಪಾದಿಸಿದ್ದರು. ರಾನಡೆಯವರೂ ಅನುಭಾವಕ್ಕೆ ದೊಡ್ಡ ಸ್ಥಾನ ಕೊಟ್ಟವರೇ. ಆದರೆ ಅದಕ್ಕಾಗಿ ತರ್ಕವನ್ನು ಬಿಟ್ಟವರಲ್ಲ. ಗ್ರೀಕ್ ದಾರ್ಶನಿಕರ ಕುರಿತು ಬರೆದ ಅದೇ ಲೇಖನಿಯಿಂದ ಉಪನಿಷತ್ತುಗಳ ತತ್ವಜ್ಞಾನವನ್ನು ಪಾಶ್ಚಾತ್ಯ ಚಿಂತನೆಯೊಂದಿಗೆ ಹೋಲಿಸಿ ಇಂಗ್ಲಿಷಿನಲ್ಲಿ ಬೃಹತ್ ಗ್ರಂಥ ರಚಿಸಿದರು. 1926ರಲ್ಲಿ ಪುಣೆಯಲ್ಲೇ ಪ್ರಕಟವಾದ ಈ ಕೃತಿ ಅವರಿಗೆ ಕೀರ್ತಿ ತಂದಿತು. ಡಾ. ಎಸ್.ಕೆ. ಬೆಳ್ವಲ್ಕರ್ ಅವರೊಡಗೂಡಿ ಭಾರತೀಯ ತತ್ವಶಾಸ್ತ್ರದ ಬಹುಸಂಪುಟ ಇತಿಹಾಸಕ್ಕೂ ಕೈಹಾಕಿದರು. ಅದರಲ್ಲಿ 2 ಮತ್ತು 7ನೇ ಸಂಪುಟಗಳು ಬೆಳಕು ಕಂಡವು. 1933ರಲ್ಲಿ ಬಂದ ಏಳನೆಯದು ಮಹಾರಾಷ್ಟ್ರದ ಸಂತರ ಅನುಭಾವಕ್ಕೆ ಮೀಸಲು.

ಅಷ್ಟರಲ್ಲಿ ಅವರು ಪುಣೆ ಬಿಟ್ಟು ಅಲಹಾಬಾದ್ ವಿಶ್ವವಿದ್ಯಾಲಯದ ತತ್ವಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದರು. ಮುಂದೆ ಅಲ್ಲಿ ಕುಲಪತಿ ಹುದ್ದೆಯನ್ನೂ ನಿರ್ವಹಿಸಿ 1946ರಲ್ಲಿ ನಿವೃತ್ತರಾದರು. ಎಷ್ಟೇ ಎತ್ತರದ ಹುದ್ದೆಯಲ್ಲಿದ್ದರೂ ಮನಸ್ಸು ಮಾತ್ರ ವಿಜಯಪುರ ಜಿಲ್ಲೆಯ ನಿಂಬಾಳದತ್ತ. ನಿವೃತ್ತಿಯ ಬಳಿಕ ಆ ಪುಟ್ಟ ಊರಿನ ಆಶ್ರಮವೇ ಅವರ ನೆಲೆಯಾಯಿತು. ನಾಮಸ್ಮರಣೆಯೇ ನಿತ್ಯದ ಕಾಯಕವಾಯಿತು.

ಮರಾಠಿ ಸಂತರ ಬಗ್ಗೆ ಬರೆದವರು ಕನ್ನಡದ ಶರಣರನ್ನೂ ದಾಸರನ್ನೂ ಮರೆಯಲಿಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಕನ್ನಡ ಸಾಹಿತ್ಯದ ಪರಮಾರ್ಥ ಮಾರ್ಗವನ್ನು ಕುರಿತು ಅವರು ನೀಡಿದ ಉಪನ್ಯಾಸಗಳು 1960ರಲ್ಲಿ ಗ್ರಂಥರೂಪ ಪಡೆದವು. ಅದನ್ನು ನೋಡಲು ಅವರಿರಲಿಲ್ಲ. 1957ರ ಜೂನ್ 6ರಂದು ನಿಂಬಾಳದಲ್ಲಿ ಅವರು ದೇಹ ಬಿಟ್ಟಿದ್ದರು.

ಗಡಿಯ ವಿಚಾರದಲ್ಲಿ ಕನ್ನಡ, ಮರಾಠಿ ಭಾಷಿಕರ ನಡುವೆ ಆಗಾಗ ಕಾವೇರುವುದುಂಟು. ರಾನಡೆಯವರು ಎರಡೂ ಭಾಷೆಗಳ ಸಂತರಿಗೆ ಒಂದೇ ಗೌರವ ಸಲ್ಲಿಸಿದವರು. 1952ರಲ್ಲಿ ಬೆಳಗಾವಿಯಲ್ಲಿ ಆರಂಭವಾದ, ತೌಲನಿಕ ತತ್ವಶಾಸ್ತ್ರ ಮತ್ತು ಧರ್ಮಗಳ ಅಧ್ಯಯನದ ಸಂಸ್ಥೆ ಅವರ ಪ್ರೇರಣೆಯ ಫಲ. ಎರಡು ನುಡಿಗಳ ನಡುವೆ ದಿನನಿತ್ಯ ಬಾಳುವ ಪುಣೆಯ ಕನ್ನಡಿಗರಿಗೆ ಈ ಗುರುವಿಗಿಂತ ಹತ್ತಿರದ ಮಾದರಿ ಬೇಕಿಲ್ಲ.