ದಿವಂಗತ ಶ್ರೀ ಡಿ. ದೇವರಾಜ ಅರಸರು

ಮೈಸೂರು ಜಿಲ್ಲೆಯ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಲ್ಲಿ 1915ನೆಯ ಇಸವಿ ಆಗಸ್ಟ್ 20ರಂದು ಶ್ರೀ ದೇವರಾಜ ಅರಸರು ಜನಿಸಿದರು. ರಾಜಮನೆತನದ ಬಾಂಧವ್ಯವುಳ್ಳುದಾದರೂ ಸಂಖ್ಯೆಯಲ್ಲಿ ಅತ್ಯಲ್ಪವಾದ ಅರಸು ಜನಾಂಗ ಅವರದು. ಬೆಂಗಳೂರಿನಲ್ಲಿ ವಿದ್ಯಾಭ್ಯಾಸವನ್ನು ಮುಗಿಸಿ, ಊರಿಗೆ ಮರಳಿ ಬೇಸಾಯದಲ್ಲಿ ನಿರತರಾದರು. 1941ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಯನ್ನು ಪ್ರವೇಶಿಸಿದರು. ಮರುವರ್ಷದ ಚಲೇಜಾವ್ ಚಳವಳಿಯಲ್ಲಿ ಸೆರೆವಾಸವನ್ನು ಅನುಭವಿಸಿದರು.

1956ರ ಏಕೀಕರಣದಿಂದ 1971ರವರೆಗೆ ರಾಜ್ಯದ ಮುಖ್ಯಮಂತ್ರಿಗಳಾದವರೆಲ್ಲರೂ ವೀರಶೈವ ಸಮಾಜದವರು. 1972ರಲ್ಲಿ ಆ ಪದವಿಯು ಅರಸರಿಗೆ ಪ್ರಾಪ್ತವಾದಾಗ, ತಮ್ಮ ಜಾತಿಯ ಬಲವನ್ನು ನೆಚ್ಚುವಂತಿಲ್ಲದ ಅವರು ಬಡವರನ್ನೇ ತಮ್ಮ ಬಲವನ್ನಾಗಿ ಮಾಡಿಕೊಂಡರು.

ಅವರ ಆಡಳಿತದ ಮಹತ್ಕಾರ್ಯವು ಭೂಸುಧಾರಣೆ. 1974ರ ಮಾರ್ಚ್ 1ರಿಂದ ಗೇಣಿಯ ಜಮೀನುಗಳು ಸರ್ಕಾರಕ್ಕೆ ಸೇರಿ, ಉಳುವವನಿಗೆ ಹಕ್ಕು ದೊರೆಯುವಂತೆ ಶಾಸನವಾಯಿತು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳೇ ಮೊದಲಾಗಿ ತಾಲ್ಲೂಕು ತಾಲ್ಲೂಕುಗಳಲ್ಲಿಯೂ ಭೂನ್ಯಾಯಮಂಡಲಿಗಳು ಏರ್ಪಟ್ಟವು. ಉಪವಿಭಾಗಾಧಿಕಾರಿಯೊಡನೆ ನಾಲ್ವರು ಸದಸ್ಯರು ಕುಳಿತು, ಮೊದಲಿಗೆ ವಕೀಲರ ಪ್ರವೇಶವಿಲ್ಲದೆ, ರೈತನ ಅಹವಾಲನ್ನು ನೇರವಾಗಿ ಕೇಳಿದರು. ನಾಡಿನಲ್ಲೆಲ್ಲ ಎಂಟು ಲಕ್ಷಕ್ಕೂ ಮೀರಿ ಅರ್ಜಿಗಳು ಬಂದವು.

ಆದರೆ ಫಲವು ಎಲ್ಲೆಡೆಯೂ ಸಮನಾಗಿರಲಿಲ್ಲ. ಕರಾವಳಿಯಷ್ಟು ಗೇಣಿಯಿಲ್ಲದ ಹಾಸನ ಸೀಮೆಯಲ್ಲಿ ಸ್ವಂತ ಹಿಡುವಳಿಯ ಸಣ್ಣ ರೈತರೇ ಹೆಚ್ಚು. ಗೇಣಿಯ ಪತ್ರವಿಲ್ಲದೆ ಬಾಯಿಮಾತಿನ ಮೇಲೆ ಉಳುತ್ತಿದ್ದವನಿಗೆ ಹಕ್ಕನ್ನು ಸಾಧಿಸುವುದು ಕಷ್ಟವಾಯಿತು. ಗೇಣಿದಾರನೇ ಅಲ್ಲದ ಕೂಲಿಯಾಳಿಗೆ ಆ ಶಾಸನದಿಂದ ದೊರೆತುದು ಅತ್ಯಲ್ಪ. ಇಂಥವರಿಗೆ 1976ರ ಋಣಪರಿಹಾರ ಶಾಸನವೂ, ಜೀತವಿಮುಕ್ತಿಯೂ, ಜನತಾ ಮನೆಗಳೂ ಆಸರೆಯಾದವು. ಗೊರೂರಿನ ಹೇಮಾವತಿ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡು, ಈ ಸೀಮೆಯ ಬಯಲುಗಳಿಗೆ ನಾಲೆಯ ನೀರು ಹರಿಯಲು ದಾರಿಯಾಯಿತು. ಆ ನೀರಿಗಾಗಿ ಮನೆ, ಹೊಲ, ಗುಡಿಗಳನ್ನು ಬಿಟ್ಟುಹೋದ ಮುಳುಗಡೆಯ ಊರುಗಳವರ ತ್ಯಾಗವನ್ನು ಮರೆಯಲಾಗದು.

ಮಠಗಳಿಗೂ ಇದು ಪರೀಕ್ಷೆಯ ಕಾಲವಾಗಿತ್ತು. 1955ರ ಶಾಸನದಿಂದ ಧಾರ್ಮಿಕ ಇನಾಮುಗಳು ಮೊದಲೇ ರದ್ದಾಗಿದ್ದವು. ಈಗ ಗೇಣಿಗೆ ಕೊಟ್ಟಿದ್ದ ಜಮೀನುಗಳೂ ಉಳುವವರ ಪಾಲಾಗಿ, ಪ್ರತಿಯಾಗಿ ವರ್ಷಾಶನವು ಗೊತ್ತಾಯಿತು. ಹಾವನೂರು ಆಯೋಗವು 1975ರಲ್ಲಿ ಸಲ್ಲಿಸಿದ ವರದಿಯಲ್ಲಿ ಹಿಂದುಳಿದವರ ಪಟ್ಟಿಯಿಂದ ವೀರಶೈವ ಲಿಂಗಾಯತರನ್ನು ಹೊರಗಿಟ್ಟಿತು. ಸಮಾಜದ ಬಡ ಕುಟುಂಬಗಳ ಮಕ್ಕಳಿಗೆ ಇದರಿಂದ ಅನ್ಯಾಯವಾಯಿತೆಂಬ ನೋವು ಪ್ರಬಲವಾಗಿ ಎದ್ದಿತು. ಆ ನೋವು ನಿರಾಧಾರವಾದುದಲ್ಲ.

ಆದರೂ ಕಾಯಕವನ್ನೇ ಕೈಲಾಸವೆಂದು ನಂಬಿದ ಶರಣ ಪರಂಪರೆಯು, ಕಾಯಕ ಮಾಡಿದವನಿಗೆ ನೆಲ ಸಲ್ಲುವುದನ್ನು ತಪ್ಪೆನ್ನಲಾರದು. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರು ಅಧಿಕಾರದಲ್ಲಿದ್ದೇ ಅಂತ್ಯಜರನ್ನು ಅಪ್ಪಿಕೊಂಡವರು. ಮಠದ ದಾಸೋಹಕ್ಕೆ ಭೂಮಿಯ ಹುಟ್ಟುವಳಿಯು ಒಂದು ಆಧಾರವೇ ಹೊರತು, ಅದರ ಪ್ರಾಣವು ಭಕ್ತರ ಮನಸ್ಸಿನಲ್ಲಿದೆ. ಗೇಣಿಯ ಭತ್ತವು ನಿಂತ ಮೇಲೆಯೂ ಭಕ್ತರ ಹಿಡಿಯಕ್ಕಿಯಿಂದ ಒಲೆಯುರಿಯುವ ಮಠವೇ ನಿಜವಾದ ಸಂಪನ್ನ ಮಠ.

ಅರಸರು 1980ರ ಜನವರಿಯಲ್ಲಿ ಅಧಿಕಾರವನ್ನು ಬಿಟ್ಟು, 1982ರ ಜೂನ್ 6ರಂದು ದಿವಂಗತರಾದರು. ಶಾಸನವು ನೆಲವನ್ನು ಹಂಚಬಲ್ಲುದು. ನೆರೆಹೊರೆಯವರನ್ನು ಸಮಾನರೆಂದು ಕಾಣುವ ಬುದ್ಧಿಯನ್ನು ಹಂಚಲಾರದು. ಅವರು ಅರ್ಧಕ್ಕೆ ಬಿಟ್ಟುಹೋದ ಆ ಕಾರ್ಯವು ಮಠಗಳಿಗೂ ಸದ್ಭಕ್ತರಿಗೂ ಸೇರಿದುದಾಗಿದೆ.