ಹೆಬ್ಬಾಳದ ಕೋಲ್ಮನ್ನರು

ಆಷಾಢದ ಜಡಿಮಳೆ ಹಿಡಿದಾಗ ಮಲೆನಾಡಿನ ಅಡಿಕೆ ಬೆಳೆಗಾರನ ಎದೆಯಲ್ಲಿ ಮೂಡುವ ಭೀತಿಯು ಬಯಲುಸೀಮೆಯ ನಮಗೆ ಸುಲಭವಾಗಿ ಅರ್ಥವಾಗುವಂತಹುದಲ್ಲ. ಕೊಳೆರೋಗ ತಗುಲಿತೆಂದರೆ ಎಳೆಯ ಕಾಯಿಗಳು ಉದುರಿ ಮರದ ಬುಡದಲ್ಲಿ ಕೊಳೆಯುತ್ತವೆ. ವರ್ಷದ ಅನ್ನವೇ ಮಣ್ಣುಪಾಲಾಗುತ್ತದೆ. ಗೊನೆಗೊನೆಗೂ ಕೊಟ್ಟೆ ಕಟ್ಟಿ ಮಳೆಯನ್ನು ಮರೆಮಾಡುವುದೊಂದೇ ಹಿಂದಿನವರು ಬಲ್ಲ ಉಪಾಯವಾಗಿತ್ತು. ಈ ಕಷ್ಟಕ್ಕೆ ಮದ್ದು ಕೊಟ್ಟವರು ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿದ್ವಾಂಸರು, ಡಾ. ಲೆಸ್ಲಿ ಕೋಲ್ಮನ್.

1878ರಲ್ಲಿ ಒಂಟೇರಿಯೋ ಪ್ರಾಂತದಲ್ಲಿ ಜನಿಸಿದ ಕೋಲ್ಮನ್ನರು ಟೊರಾಂಟೋದಲ್ಲಿ ಓದಿ, ಜರ್ಮನಿಯ ಗಾಟಿಂಗೆನ್ನಿನಲ್ಲಿ ಡಾಕ್ಟರೇಟ್ ಪಡೆದು, 1908ರಲ್ಲಿ ಇಲ್ಲಿಗೆ ಬಂದರು. ರಾಜಮಾತೆ ವಾಣಿವಿಲಾಸ ಸನ್ನಿಧಾನದವರು 1899ರಲ್ಲಿಯೇ ಹೆಬ್ಬಾಳದಲ್ಲಿ 30 ಎಕರೆ ಭೂಮಿಯನ್ನು ಪ್ರಯೋಗ ಕ್ಷೇತ್ರಕ್ಕೆಂದು ನೀಡಿದ್ದರು; ರಸಾಯನಜ್ಞ ಲೇಮನ್ನರು ಅಲ್ಲಿ ಮಣ್ಣಿನ ಪರೀಕ್ಷೆಗೆ ತೊಡಗಿದ್ದರು.

ಐರ್ಲೆಂಡಿನಲ್ಲಿ ಆಲೂಗಡ್ಡೆಯ ಕ್ಷಾಮಕ್ಕೆ ಕಾರಣವಾದ ರೋಗಾಣುವಿನ ಕುಲಕ್ಕೆ ಸೇರಿದುದೇ ನಮ್ಮ ಕೊಳೆರೋಗಕ್ಕೂ ಮೂಲವೆಂದು ಕೋಲ್ಮನ್ನರು ತೋರಿಸಿಕೊಟ್ಟರು. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಬಳಕೆಯಲ್ಲಿದ್ದ ಮೈಲುತುತ್ತ-ಸುಣ್ಣದ ದ್ರಾವಣವೇನೋ ಕೈಗೆ ಸಿಕ್ಕಿತು. ಆದರೆ ಮಲೆನಾಡಿನ ಮಳೆಯೆದುರು ಅದು ನಿಲ್ಲಬೇಕಲ್ಲ! ರಾಳವನ್ನೂ ಸೋಡವನ್ನೂ ಬೆರೆಸಿ, ದ್ರಾವಣವು ಗೊನೆಗೆ ಅಂಟುವಂತೆ ಮಾಡಿದರು. ಜೋಳಕ್ಕೆ ಬೀಳುತ್ತಿದ್ದ ರೆಕ್ಕೆಯಿಲ್ಲದ ಮಿಡತೆಯ ಜೀವನಕ್ರಮವನ್ನೂ ಅವರು ಅಭ್ಯಸಿಸಿದರು. ಆ ಮಿಡತೆಗೆ ಶಾಸ್ತ್ರಜ್ಞರು ಕೋಲ್ಮೇನಿಯ ಎಂದೇ ಹೆಸರಿಟ್ಟರು. ಬೆಳೆಯ ಮಿತ್ರನ ಹೆಸರು ಶತ್ರುವಿಗೆ ಅಂಟಿದ್ದು ವಿನೋದವೇ ಸರಿ.

ಅಧ್ಯಾಪಕ ವೃತ್ತಿಯ ನನಗೆ ಇವೆಲ್ಲಕ್ಕಿಂತ ಹಿರಿದಾಗಿ ಕಾಣುವುದು, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1913ರಲ್ಲಿ ಹೆಬ್ಬಾಳದಲ್ಲಿ ತೆರೆದ ವ್ಯವಸಾಯ ಶಾಲೆ. ಮದ್ದನ್ನು ಹೊರಗಿನಿಂದಲೂ ತರಿಸಬಹುದು; ಮದ್ದು ಹುಡುಕುವವರನ್ನು ಇಲ್ಲಿಯೇ ಬೆಳೆಸಬೇಕು. ಸಂಸ್ಥಾನದ ಕೀಟಶಾಸ್ತ್ರದ ಹೊಣೆಯನ್ನು ಅವರ ಸಹೋದ್ಯೋಗಿ ಕುಂಞಿಕಣ್ಣನ್ನರು ಹೊತ್ತರು. ರಾಗಿಯ ತಳಿಗಳ ಆಯ್ಕೆ ಹೆಬ್ಬಾಳದಲ್ಲಿ ನಡೆಯಿತು. ಕಾಫಿಗಾಗಿ 1925ರಲ್ಲಿ ಬಾಳೆಹೊನ್ನೂರಿನ ಪ್ರಯೋಗ ಕೇಂದ್ರ ಹುಟ್ಟಿತು.

ಕೃಷಿ ನಿರ್ದೇಶಕರಾಗಿದ್ದ ಕೋಲ್ಮನ್ನರು 1934ರಲ್ಲಿ ನಿವೃತ್ತರಾಗಿ ಕೆನಡಾಕ್ಕೆ ಮರಳಿದರು. ವಿಶ್ರಾಂತಿಯ ವಯಸ್ಸಿನಲ್ಲಿ ಸೂಕ್ಷ್ಮದರ್ಶಕದ ಮುಂದೆ ಕುಳಿತು ಸಸ್ಯಕೋಶಗಳ ಸಂಶೋಧನೆಗೆ ತೊಡಗಿ, 1954ರಲ್ಲಿ ಕಾಲವಾದರು. ಹೆಬ್ಬಾಳದ ಶಾಲೆ 1946ರಲ್ಲಿ ಕಾಲೇಜಾಯಿತು. 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯವು ಅಲ್ಲಿಯೇ ನೆಲೆಗೊಂಡಿತು.

ವರ್ಷವರ್ಷವೂ ಸಿಂಪಡಿಸಿದ ಮೈಲುತುತ್ತದಿಂದ ತೋಟದ ಮಣ್ಣಿನಲ್ಲಿ ತಾಮ್ರ ಸೇರುತ್ತ ಬಂದರೆ ಮುಂದೇನು ಎಂಬುದನ್ನು ಇಂದಿನ ಸಂಶೋಧಕರು ವಿಚಾರಿಸುತ್ತಿದ್ದಾರೆ. ಗುರುವಿನ ಮದ್ದನ್ನೇ ಪರೀಕ್ಷೆಗೊಡ್ಡುವ ಈ ಶಿಷ್ಯಪರಂಪರೆಯನ್ನು ಕಂಡಿದ್ದರೆ ಕೋಲ್ಮನ್ನರು ಕೋಪಿಸುತ್ತಿದ್ದರೆಂದು ನನಗೆ ತೋರದು. ಅತ್ತ ಮಲೆನಾಡಿನಲ್ಲಿ ಮುಂಗಾರು ಕಾಲಿಡುವ ಮೊದಲು ಕೊನೆಗಾರರು ಈಗಲೂ ಮರವೇರಿ ಅದೇ ನೀಲಿ ದ್ರಾವಣವನ್ನು ಸಿಂಪಡಿಸುತ್ತಾರೆ.