ಪಂಜೆ ಮಂಗೇಶರಾಯರು: ಬದುಕು ಮತ್ತು ಹಳೆಯ ಮುದ್ರಣಗಳ ಗುರುತು

ಅಭ್ಯಾಸ ಪಾಠಕ್ಕೆಂದು ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಕಡೆಯ ಶಾಲೆಗಳಿಗೆ ಹೋಗುವ ಪ್ರಶಿಕ್ಷಣಾರ್ಥಿಗಳ ಪಾಲಿಗೆ ಒಮ್ಮೊಮ್ಮೆ ಇನ್ನೊಂದು ಕೆಲಸವೂ ಬರುತ್ತದೆ: ಪುಸ್ತಕದ ಕಪಾಟು ಝಾಡಿಸಿ, ಹರಿದದ್ದನ್ನು ಬೇರೆ ಮಾಡುವುದು. ಬೇರೆ ಮಾಡಿದ್ದು ರದ್ದಿಗೆ ಹೋಗುತ್ತದೆ. ಆ ರಾಶಿಯಲ್ಲಿ ಮಕ್ಕಳ ಪುಸ್ತಕಗಳೇ ಹೆಚ್ಚು, ಯಾಕೆಂದರೆ ಹೆಚ್ಚು ಓದಿಸಿಕೊಂಡು ಹರಿಯುವುದು ಅವೇ. ಅದರಲ್ಲಿ ಮೊದಲ ಮುದ್ರಣದ ಒಂದು ಪ್ರತಿ ಇದ್ದರೆ ಅದನ್ನು ಹಿಡಿದು ನಿಲ್ಲಿಸುವುದು ಹೇಗೆ? ಬರೆದವರ ಬದುಕು ತಿಳಿದಿದ್ದರೆ ಅರ್ಧ ಕೆಲಸ ಆದಂತೆ. ಪಂಜೆ ಮಂಗೇಶರಾಯರ ವಿಷಯದಲ್ಲಂತೂ ಇದು ಪೂರ್ತಿ ನಿಜ.

ಅವರು ಹುಟ್ಟಿದ್ದು 1874ರ ಫೆಬ್ರುವರಿ 22ರಂದು, ದಕ್ಷಿಣ ಕನ್ನಡದ ಬಂಟವಾಳದಲ್ಲಿ. ಮನೆಮಾತು ಕೊಂಕಣಿ, ಸುತ್ತಲಿನ ಮಾತು ತುಳು, ಶಾಲೆಯ ಮಾತು ಕನ್ನಡ. ಮನೆಯಲ್ಲಿ ಬಡತನ. ಮಂಗಳೂರಿನಲ್ಲಿ ಓದಿ, ಅಲ್ಲಿಯ ಸರಕಾರಿ ಕಾಲೇಜಿನಲ್ಲಿ ಕನ್ನಡ ಮುನ್ಷಿಯಾದರು. ಮುಂದೆ ಶಾಲೆಗಳ ಇನ್‌ಸ್ಪೆಕ್ಟರ್ ಕೆಲಸಕ್ಕೆ ಬಂದರು. ಆ ಕಾಲದಲ್ಲಿ ಇನ್‌ಸ್ಪೆಕ್ಟರ್ ಬರುತ್ತಾನೆಂದರೆ ಮಾಸ್ತರರ ಎದೆ ಡವಗುಟ್ಟುತ್ತಿತ್ತು. ಪಂಜೆಯವರು ಬಂದರೆ ಮಕ್ಕಳ ನಡುವೆ ನಿಂತು ಹಾಡುತ್ತಿದ್ದರು, ಕುಣಿಸುತ್ತಿದ್ದರು. ಹಾವು, ಗಾಳಿ, ಇಲಿ, ಕಾಗೆ, ಹೇನು ಎಲ್ಲವೂ ಅವರ ಪದ್ಯ ಕಥೆಗಳಿಗೆ ಬಂದವು. ನಾವು ಇಂದು ಅಭಿನಯ ಗೀತೆಯೆಂದು ಪಾಠಟಿಪ್ಪಣಿಯಲ್ಲಿ ಬರೆಯುವುದನ್ನು ಅವರು ಆಗಲೇ ತರಗತಿಯಲ್ಲಿ ಮಾಡಿ ತೋರಿಸುತ್ತಿದ್ದರು.

ಮೊದಲ ಗುರುತು ಹೆಸರಿನದು. ಪಂಜೆಯವರಿಗೆ ತಮ್ಮ ಹೆಸರು ಮುಂದೆ ಮಾಡುವ ಹಂಬಲ ಇರಲಿಲ್ಲ. ಮಕ್ಕಳ ಪದ್ಯಗಳ ಕೆಳಗೆ ಕವಿಶಿಷ್ಯ ಎಂದಿರುತ್ತದೆ. ಬೇರೆ ಕಡೆ ಹರಟೆಮಲ್ಲ, ಇಲ್ಲವೆ ರಾ. ಮ. ಪಂ. ಎಂಬ ಮೂರು ಅಕ್ಷರ. ಮುಖಪುಟದಲ್ಲಿ ಪಂಜೆ ಎಂಬ ಹೆಸರು ಹುಡುಕುವವನು ಅವರ ಹಳೆಯ ಬರಹವನ್ನು ಕೈಯಲ್ಲಿ ಹಿಡಿದೂ ಬಿಟ್ಟುಬಿಡುವ ಸಂಭವ ಇದೆ. ಇಂಗ್ಲೆಂಡಿನ ಬಿಯಾಟ್ರಿಕ್ಸ್ ಪಾಟರ್ ಅವರದೂ ಇಂಥದೇ ಸಂಗತಿ. ಅವರ ಪೀಟರ್ ಮೊಲದ ಚಿತ್ರಕಥೆ 1901ರ ಡಿಸೆಂಬರಿನಲ್ಲಿ ಅವರದೇ ಖರ್ಚಿನಲ್ಲಿ 250 ಪ್ರತಿ ಅಚ್ಚಾಯಿತು, ಒಳಚಿತ್ರಗಳಿಗೆ ಬಣ್ಣವಿಲ್ಲದೆ. ಬಣ್ಣದ ಚಿತ್ರಗಳಿರುವ, ಎಲ್ಲರೂ ಬಲ್ಲ ಪುಸ್ತಕ ಬಂದದ್ದು 1902ರಲ್ಲಿ. ಈ ಕಥೆ ಗೊತ್ತಿಲ್ಲದವನಿಗೆ ಬಣ್ಣದ್ದೇ ಮೊದಲಿನದಾಗಿ ಕಾಣುತ್ತದೆ.

ಎರಡನೆಯದು ಊರು. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನ ಛಾಪಖಾನೆ 1841ರಿಂದ ಇತ್ತು. ಪಂಜೆಯವರು ಸಿದ್ಧಪಡಿಸಿದ ಪದ್ಯ ಪುಸ್ತಕಗಳನ್ನು ಹೊರತಂದವರು ಈ ಮಿಶನ್ನಿನವರೇ. ಗೆಳೆಯರೊಡನೆ ಅವರು ಕಟ್ಟಿದ ಬಾಲ ಸಾಹಿತ್ಯ ಮಂಡಲವೂ ಮಂಗಳೂರಿನದೇ. ಆಗ ಮಂಗಳೂರು ಮದ್ರಾಸ್ ಪ್ರಾಂತಕ್ಕೆ, ನಮ್ಮ ಧಾರವಾಡ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಎರಡೂ ಒಂದೇ ರಾಜ್ಯಕ್ಕೆ ಬಂದದ್ದು 1956ರಲ್ಲಿ. ಆದ್ದರಿಂದ ಅದಕ್ಕೂ ಮೊದಲಿನ ಪಂಜೆ ಪುಸ್ತಕ ನಮ್ಮ ಹಳ್ಳಿಯ ಕಪಾಟಿನಲ್ಲಿ ಸಿಕ್ಕರೆ, ಯಾರೋ ಇಷ್ಟಪಟ್ಟು ತರಿಸಿದ್ದೇ ಇರಬೇಕು.

2024ರಲ್ಲಿ ರದ್ದಾಗುವವರೆಗೆ ಜಾರಿಯಲ್ಲಿದ್ದ 1867ರ ಕಾಯಿದೆಯ ಪ್ರಕಾರ ಪ್ರತಿ ಪುಸ್ತಕದ ಮೇಲೂ ಮುದ್ರಕನ ಹೆಸರು, ಮುದ್ರಣದ ಊರು ಇರಲೇಬೇಕಿತ್ತು. ಎಷ್ಟನೆಯ ಮುದ್ರಣ, ಎಷ್ಟು ಪ್ರತಿ, ಎಷ್ಟು ಪುಟ, ಬೆಲೆ ಏನು ಎಂಬುದನ್ನು ಸರಕಾರ ಪ್ರಾಂತವಾರು ಪಟ್ಟಿ ಮಾಡಿಸುತ್ತಿತ್ತು. ಪಂಜೆಯವರ ಪುಸ್ತಕಕ್ಕೆ ನೋಡಬೇಕಾದದ್ದು ಮುಂಬಯಿಯ ಪಟ್ಟಿಯಲ್ಲ, ಮದ್ರಾಸಿನದು.

ಇನ್ನು ಬೆಲೆ. ಆಣೆ, ಪೈಗಳಲ್ಲಿದ್ದರೆ ಅದು 1957ರ ಏಪ್ರಿಲಿಗೆ ಮೊದಲಿನ ಮುದ್ರಣವೆಂದು ಹಿಡಿಯಬಹುದು. ನಯಾ ಪೈಸೆ ಎಂದಿದ್ದರೆ ಆಮೇಲಿನ ಕೆಲವು ವರ್ಷಗಳದು. ವಿಳಾಸದಲ್ಲಿ ಆರು ಅಂಕೆಯ ಪಿನ್‌ಕೋಡ್ ಕಂಡರೆ 1972ರ ಈಚಿನದು. ಪುಟದ ಹಿಂಬದಿಗೆ ಬೆರಳಾಡಿಸಿ ನೋಡಿರಿ: ಮೊಳೆ ಜೋಡಿಸಿ ಒತ್ತಿದ್ದಾದರೆ ಅಕ್ಷರದ ಉಬ್ಬು ಎಷ್ಟೋ ಸಲ ಕೈಗೆ ಹತ್ತುತ್ತದೆ, ಆಫ್‌ಸೆಟ್ಟಿನಲ್ಲಿ ಹತ್ತುವುದಿಲ್ಲ. ಚಿತ್ರವಿದ್ದರೆ ಗೆರೆಗಳನ್ನು ನೋಡಬೇಕು. ಒಂದೇ ಬ್ಲಾಕಿನಿಂದ ಮತ್ತೆ ಮತ್ತೆ ಒತ್ತಿದಂತೆ ಸಣ್ಣ ಗೆರೆಗಳು ಕಡಿಯುತ್ತವೆ, ಮಸಿ ತುಂಬಿ ದಪ್ಪಗಾಗುತ್ತವೆ. ಆದರೆ ಹೋಲಿಸಲು ಇನ್ನೊಂದು ಪ್ರತಿ ಇಲ್ಲದೆ ಇದನ್ನು ಖಚಿತವಾಗಿ ಹೇಳಬಾರದು.

ಪಂಜೆಯವರು ಮುಂದೆ ಮಡಿಕೇರಿಯ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿ ಹೋದರು. ಕೊಡಗನ್ನು ಕುರಿತ ಹುತ್ತರಿ ಹಾಡು ಅಲ್ಲಿಯ ಫಲ. 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಮಕ್ಕಳಿಗೆ ಬರೆಯುವುದನ್ನು ಸಣ್ಣ ಕೆಲಸವೆಂದು ಕೆಲ ವಿದ್ವಾಂಸರು ಇಂದಿಗೂ ತಿಳಿಯುವುದುಂಟು. ಆ ಪೀಠ ಅವರಿಗೆ ಸಿಕ್ಕದ್ದು ಸಮಾಧಾನದ ಸಂಗತಿ. 1937ರ ಅಕ್ಟೋಬರ್ 25ರಂದು ಹೈದರಾಬಾದಿನಲ್ಲಿ ತೀರಿಕೊಂಡರು.

ಈ ತೀರಿಕೊಂಡ ವರ್ಷವೂ ಪುಸ್ತಕದ ಗುರುತಿಗೆ ಬೇಕು. ಅಂದಿನ ಕಾಯಿದೆಯಂತೆ ಲೇಖಕ ತೀರಿದ 50 ವರ್ಷಕ್ಕೆ ಹಕ್ಕು ಮುಗಿಯುತ್ತಿತ್ತು. ಪಂಜೆಯವರು ಬದುಕಿದ್ದಾಗ ಪ್ರಕಟವಾದವುಗಳ ಹಕ್ಕು 1987ರ ಕೊನೆಗೆ ಮುಗಿಯಿತು. ಆಮೇಲೆ ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ಹಾಕಿಸಿದವರು ತಮ್ಮ ಪ್ರತಿಯ ಮೇಲೆ ಪ್ರಥಮ ಮುದ್ರಣ ಎಂದೇ ಬರೆಯಬಹುದು. ಅದು ಆ ಪ್ರಕಾಶಕರ ಪ್ರಥಮ, ಪಂಜೆಯವರದಲ್ಲ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ.

ಅನುಮಾನ ಬಂದ ಪ್ರತಿ ಸಿಕ್ಕರೆ ಅಂಟುಪಟ್ಟಿ ಹಚ್ಚಬೇಡಿರಿ, ಹೊಸ ರಟ್ಟು ಕಟ್ಟಿಸಬೇಡಿರಿ, ಅಂಚು ಕತ್ತರಿಸಬೇಡಿರಿ. ಹೆಸರಿನ ಪುಟ, ಮುದ್ರಕ, ಊರು, ಬೆಲೆ, ಪುಟಸಂಖ್ಯೆ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಂಡು, ಪುಸ್ತಕವನ್ನು ಬಿಳಿ ಹಾಳೆಯಲ್ಲಿ ಸುತ್ತಿ, ರದ್ದಿಯ ತೂಕ ಆಗುವ ಮೊದಲೇ ಮುಖ್ಯೋಪಾಧ್ಯಾಯರ ಕೈಗೆ ಕೊಡಿರಿ.